ಪೆಟ್ಟಿಗೆ ಹೆಚ್ಚಿದರೆ ಇಂಪು ಹೆಚ್ಚೀತೆ?

ನಮ್ಮವರ ಮನೆಗಳಲ್ಲಿ ಈಚೆಗೆ ಹೊಸದೊಂದು ಖರ್ಚಿನ ಬಾಬತ್ತು ಹುಟ್ಟಿಕೊಂಡಿದೆ. ಚೆನ್ನಾಗಿಯೇ ಹಾಡುತ್ತಿರುವ ಸ್ಟೀರಿಯೋ ರಿಸೀವರನ್ನು ಬಂದ ಬೆಲೆಗೆ ಮಾರಿ, ಅದರ ಜಾಗದಲ್ಲಿ ಪ್ರೀ-ಆಂಪ್ಲಿಫೈಯರ್ ಬೇರೆ, ಪವರ್ ಆಂಪ್ಲಿಫೈಯರ್ ಬೇರೆ, ಡಿಜಿಟಲ್ ಸಂಕೇತವನ್ನು ದನಿಗಿಳಿಸುವ ಡ್ಯಾಕ್ ಬೇರೆ ಎಂದು ಮೂರು ಪೆಟ್ಟಿಗೆಗಳನ್ನು ತಂದಿಡುವುದು. ಡೊಂಬಿವಲಿಯ ಎರಡು ಕೋಣೆಯ ಫ್ಲ್ಯಾಟಿನಲ್ಲೂ ಷೋಕೇಸಿನ ಮೇಲೆ ಬೆಳ್ಳಿ ಬಣ್ಣದ ಮುಖಗಳು ಸಾಲಾಗಿ ಕುಳಿತಿದ್ದರೆ ಬಂದ ನೆಂಟರು ಎರಡು ಮಾತು ಮೆಚ್ಚಿ ಹೋಗುತ್ತಾರೆ, ನಿಜ. ಆದರೆ ಹಾಡು? ಹಾಡು ಮೊದಲಿನಂತೆಯೇ ಇರುತ್ತದೆ. ಮಾರುವವರು ಇದನ್ನು ಹೇಳಲಾರರು. ಕೊಂಡವರು ಹೇಳಲು ನಾಚುತ್ತಾರೆ. ಆದ್ದರಿಂದ ನಾವೇ ಹೇಳಬೇಕಾಗಿದೆ.

ರಿಸೀವರ್ ಎಂದರೆ ಮೂರು ಕೆಲಸಗಳು ಒಂದೇ ಸೂರಿನಡಿ. ಬಾನುಲಿ ಹಿಡಿಯುವ ಟ್ಯೂನರ್, ಯಾವುದನ್ನು ಕೇಳಬೇಕೆಂದು ಆರಿಸಿ ದನಿಯನ್ನು ಏರಿಳಿಸುವ ಪ್ರೀ-ಆಂಪ್ಲಿಫೈಯರ್, ಸ್ಪೀಕರನ್ನು ಅಲುಗಿಸುವಷ್ಟು ಕಸುವು ಕೊಡುವ ಪವರ್ ಆಂಪ್ಲಿಫೈಯರ್. ಮೂವರೂ ಒಂದೇ ಟ್ರಾನ್ಸ್‌ಫಾರ್ಮರಿನ ಅನ್ನ ಉಂಡರೆ ಒಬ್ಬರ ಗದ್ದಲ ಇನ್ನೊಬ್ಬರ ಕಿವಿಗೆ ಬೀಳುತ್ತದೆ, ಬೇರೆ ಬೇರೆ ಒಲೆ ಹೂಡಿದರೆ ಎಲ್ಲರಿಗೂ ನೆಮ್ಮದಿ — ಇದು ಪಾಲು ಕೇಳುವವರ ವಾದ. ಕಾಗದದ ಮೇಲೆ ವಾದ ಸರಿಯಾಗಿಯೇ ಇದೆ. ಆದರೆ ಆ ಗದ್ದಲ ಎಷ್ಟು? ಇಂದಿನ ಒಂದು ಸಾಧಾರಣ ಒಳ್ಳೆಯ ರಿಸೀವರಿನಲ್ಲಿ ಅದು ಹಾಡಿಗಿಂತ ಸುಮಾರು 90 ಡೆಸಿಬೆಲ್ ಕೆಳಗಿರುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿ ತಟ್ಟೆಯ ವ್ಯಾಪ್ತಿಯೇ ಸುಮಾರು 96. ನಮ್ಮ ಮನೆಗಳ ಹೊರಗಿನ ಸದ್ದಿಗೆ 2000ದ ಶಬ್ದಮಾಲಿನ್ಯ ನಿಯಮಗಳು ಹಾಕಿಕೊಟ್ಟ ಹಗಲಿನ ಮಿತಿ 55 ಡೆಸಿಬೆಲ್. ರೈಲು ಹಳಿಯ ಪಕ್ಕ ವಾಸಿಸುವವರಿಗೆ ಆ ಮಿತಿಯ ಗತಿ ಏನಾಗಿದೆಯೆಂದು ನಾವು ಹೇಳಬೇಕಿಲ್ಲ. ಈ ಸಂತೆಯ ನಡುವೆ ಕುಳಿತು ಪೆಟ್ಟಿಗೆಯೊಳಗಿನ ಪಿಸುಮಾತಿಗೆ ಹೆದರುವುದು ವಿಚಿತ್ರವೇ ಸರಿ.

ಇನ್ನು, ನಾವು ಕೇಳುವುದಾದರೂ ಏನನ್ನು? ಮಲ್ಲಿಕಾರ್ಜುನ ಮನ್ಸೂರರ ಹಳೆಯ 78ರ ತಟ್ಟೆಗಳಿಂದ ಇಳಿಸಿಕೊಂಡದ್ದು, ಒಂದೊಂದು ಬದಿಗೆ ಮೂರು ಚಿಲ್ಲರೆ ನಿಮಿಷ. 1978ರಲ್ಲಿ ಬಂದ ನಿಸಾರ್ ಅಹಮದರ 'ನಿತ್ಯೋತ್ಸವ'ದಂಥ ಭಾವಗೀತೆಯ ಧ್ವನಿಸುರುಳಿಗಳು. ಸಾಧಾರಣ ಕ್ಯಾಸೆಟ್ಟಿನಲ್ಲಿ ಟೇಪಿನ ಸುಯ್‌ಗುಟ್ಟುವಿಕೆ ಹಾಡಿನ ಕೆಳಗೆ ಸುಮಾರು 50 ಡೆಸಿಬೆಲ್‌ನಲ್ಲೇ ಕಾದು ಕುಳಿತಿರುತ್ತದೆ. ಮೂಲದಲ್ಲಿ 50 ಇರುವಾಗ ಪೆಟ್ಟಿಗೆಯಲ್ಲಿ 90 ಇದ್ದದ್ದನ್ನು 110 ಮಾಡಿಸಲು ಹಣ ಸುರಿಯುವುದು, ಸೋರುವ ಕೊಡಕ್ಕೆ ಬೆಳ್ಳಿಯ ಮುಚ್ಚಳ ಮಾಡಿಸಿದಂತೆ.

ಎರಡನೆಯ ಆಮಿಷ ವ್ಯಾಟಿನದು. 50 ವ್ಯಾಟಿನದನ್ನು ಕೊಟ್ಟು 100 ವ್ಯಾಟಿನದನ್ನು ತಂದವರಿಗೆ ದನಿ ಇಮ್ಮಡಿಯಾಯಿತೆಂಬ ಭ್ರಮೆ. ಹೆಚ್ಚುವುದು ಬರೇ 3 ಡೆಸಿಬೆಲ್. ಕಿವಿಗೆ ಇಮ್ಮಡಿ ಎನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಹತ್ತು ಪಟ್ಟು ವ್ಯಾಟು. ಸಾಮಾನ್ಯ ಸ್ಪೀಕರ್ ಒಂದೇ ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 87-88 ಡೆಸಿಬೆಲ್ ದನಿ ಕೊಡುತ್ತದೆ; ಇಬ್ಬರು ಕುಳಿತು ಆಡುವ ಮಾತು 60ರ ಆಸುಪಾಸಿನದು. ರಾತ್ರಿ ಊಟವಾದ ಮೇಲೆ ನಾವು ಕೇಳುವ ಹಾಡಿಗೆ ಬಹುಪಾಲು ಹೊತ್ತು ಒಂದು ವ್ಯಾಟೂ ಖರ್ಚಾಗುವುದಿಲ್ಲ. ಉಳಿದದ್ದು ತಬಲೆಯ ಒಂದು ಗಟ್ಟಿ ಹೊಡೆತಕ್ಕೆಂದು ಕಾದಿರಿಸಿದ ಗಂಟು. ಗಂಟು ಬೇಕು, ಆದರೆ ಪಕ್ಕದ ಮನೆಯವರು ಬಾಗಿಲು ಬಡಿಯುವ ತನಕ ಅದನ್ನು ಬಿಚ್ಚುವ ಸಂದರ್ಭ ಬಾರದು.

"ಅಂಕಿಗಳು ಹಾಗಿರಲಿ, ಕಿವಿಗೆ ವ್ಯತ್ಯಾಸ ತಿಳಿಯುತ್ತದೆ" ಎನ್ನುವವರಿದ್ದಾರೆ. 1987ರ ಜನವರಿಯಲ್ಲಿ ಅಮೆರಿಕೆಯ 'ಸ್ಟೀರಿಯೋ ರಿವ್ಯೂ' ಪತ್ರಿಕೆ ಅಂಥವರನ್ನೇ ಕೂರಿಸಿ ಪರೀಕ್ಷಿಸಿತು. 220 ಡಾಲರಿನ ಒಂದು ರಿಸೀವರಿನಿಂದ ಹಿಡಿದು ಜೋಡಿಗೆ 12,000 ಡಾಲರಿನ ವಾಲ್ವಿನ ಆಂಪ್ಲಿಫೈಯರಿನವರೆಗೆ ಎಲ್ಲವನ್ನೂ ಸಮಾನ ದನಿಗೆ ತಂದು, ಹೆಸರು ಹೇಳದೆ ಕೇಳಿಸಿದರು. ಕೇಳಿದವರ ಉತ್ತರ ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಮೇಲಾಗಲಿಲ್ಲ. ಅದಕ್ಕೆ ಆಕ್ಷೇಪಗಳು ಬಂದವು, ಇಂದಿಗೂ ಬರುತ್ತಿವೆ. ಬರಲಿ. ಆಕ್ಷೇಪಿಸುವವರು ಕಣ್ಣು ಕಟ್ಟಿಕೊಂಡು ಗೆದ್ದು ತೋರಿಸಿದರೆ ಚರ್ಚೆ ಅಂದೇ ಮುಗಿಯುತ್ತದೆ.

ಅಂಗಡಿಯಲ್ಲಿ ವ್ಯತ್ಯಾಸ ಕೇಳಿಸಿತಲ್ಲ ಎಂದರೆ, ಅದಕ್ಕೊಂದು ಹಳೆಯ ಉಪಾಯವಿದೆ. ಎರಡರಲ್ಲಿ ಒಂದನ್ನು ಕೂದಲೆಳೆಯಷ್ಟು ಗಟ್ಟಿಯಾಗಿ ನುಡಿಸಿದರೆ ಸಾಕು, ಕಿವಿ ಅದನ್ನು 'ಗಟ್ಟಿ' ಎನ್ನುವುದಿಲ್ಲ, 'ಇಂಪು' ಎನ್ನುತ್ತದೆ. ಲ್ಯಾಮಿಂಗ್ಟನ್ ರೋಡಿಗೆ ಹೋಗುವ ಮಿತ್ರರು ಒಂದು ಮಲ್ಟಿಮೀಟರ್ ಜೇಬಿನಲ್ಲಿಟ್ಟುಕೊಂಡು ಹೋಗಲಿ. ಒಂದೇ ಸ್ವರವನ್ನು ಎರಡರಲ್ಲೂ ಹಾಕಿಸಿ, ಸ್ಪೀಕರಿನ ತಂತಿಯಲ್ಲಿ ವೋಲ್ಟೇಜ್ ಸಮಾನವಾಗಿದೆಯೇ ನೋಡಿ, ಆಮೇಲೆ ಬೆನ್ನು ತಿರುಗಿಸಿ ನಿಂತು ಹತ್ತು ಸಲ ಬದಲಿಸಲು ಹೇಳಲಿ. ಒಪ್ಪುವ ಅಂಗಡಿಯವನು ಪ್ರಾಮಾಣಿಕ.

ಬಿಡಿ ಪೆಟ್ಟಿಗೆಗಳು ಯಾರಿಗೂ ಬೇಡವೆಂದು ನಾವು ಹೇಳುತ್ತಿಲ್ಲ. ಸ್ಪೀಕರಿನ ಪ್ರತಿರೋಧ 4 ಓಮಿಗಿಂತ ಕೆಳಗಿಳಿಯುವಂತಿದ್ದರೆ, ದೊಡ್ಡ ಹಾಲನ್ನು ತುಂಬಬೇಕಿದ್ದರೆ, ಪುಟ್ಟ ರಿಸೀವರ್ ಬಳಲುತ್ತದೆ. ಸಿನಿಮಾ ನೋಡಲೆಂದು ಮಾರುವ ಏಳು ಸ್ಪೀಕರಿನ ರಿಸೀವರುಗಳ 'ಚಾನೆಲ್ಲಿಗೆ 100 ವ್ಯಾಟ್' ಎಂಬ ಬರಹವೂ ಸಾಮಾನ್ಯವಾಗಿ ಒಂದೆರಡು ಚಾನೆಲ್ಲುಗಳನ್ನಷ್ಟೇ ನುಡಿಸಿ ಅಳೆದದ್ದು. ಏಳೂ ಒಟ್ಟಿಗೆ ಕೂಗಿದಾಗ ಅಷ್ಟು ಸಿಗುವುದಿಲ್ಲ. ಆಗಲೂ ರಿಸೀವರಿನ ಬೆನ್ನಿನಲ್ಲಿ 'ಪ್ರೀ-ಔಟ್' ಎಂಬ ತೂತುಗಳಿದ್ದರೆ ಒಂದು ಪವರ್ ಆಂಪ್ಲಿಫೈಯರನ್ನಷ್ಟೇ ಸೇರಿಸಿಕೊಂಡರಾಯಿತು, ಮನೆಯನ್ನೇ ಪಾಲು ಮಾಡಬೇಕಿಲ್ಲ. ಬೇರೆಯಾಗಿದ್ದರೆ ಹಳತಾಗುವುದಿಲ್ಲ ಎಂಬ ಮಾತೂ ಪವರ್ ಆಂಪ್ಲಿಫೈಯರಿಗೆ ಮಾತ್ರ ಸಲ್ಲುತ್ತದೆ. ಟಿವಿಗೆ ಹೊಂದುವ ಎಚ್‌ಡಿಎಂಐ 2002ರಲ್ಲಿ ಬಂತು, 2017ರಲ್ಲಿ 2.1ನೆಯ ಅವತಾರ ಪ್ರಕಟವಾಯಿತು; ಹಳತಾಗುವುದು ಆ ಭಾಗ. ಬಿಡಿಯಾಗಿ ಮಾರುವ ದುಬಾರಿ ಪ್ರೊಸೆಸರಿನೊಳಗೂ ಇರುವುದು ಅದೇ ಎಚ್‌ಡಿಎಂಐ!

ಹಾಗಾದರೆ ದನಿ ಕೆಡುವುದು ಎಲ್ಲಿ? ಕೋಣೆಯಲ್ಲಿ. ಕಾಂಕ್ರೀಟ್ ಗೋಡೆ, ಹೊಳೆಯುವ ಟೈಲ್ಸ್ ನೆಲ, ಗಾಜಿನ ಕಿಟಕಿ: ಗಾಯಕನ ಒಂದು ಸ್ವರ ನಾಲ್ಕು ಕಡೆ ಬಡಿದು ನಾಲ್ಕಾಗಿ ಕಿವಿಗೆ ಬರುತ್ತದೆ. ಎದುರುಬದುರು ಗೋಡೆಗಳ ನಡುವೆ 10 ಅಡಿ ಇದ್ದರೆ ಸುಮಾರು 56 ಹರ್ಟ್ಸ್‌ನ ತಗ್ಗು ದನಿ ಗೋಡೆಯ ಬಳಿ ಗುಂಯ್‌ಗುಡುತ್ತದೆ, ನಟ್ಟನಡುವೆ ಕುಳಿತವರಿಗೆ ಬಹುತೇಕ ಕೇಳಿಸುವುದೇ ಇಲ್ಲ. ಇದನ್ನು ಯಾವ ಪ್ರೀ-ಆಂಪ್ಲಿಫೈಯರೂ ತಿದ್ದಲಾರದು. ಸ್ಪೀಕರನ್ನು ಮೂಲೆಯಿಂದ ಎರಡಡಿ ಮುಂದೆ ತನ್ನಿ, ಕುರ್ಚಿಯನ್ನು ಒಂದು ಮೊಳ ಸರಿಸಿ. ನವಲಗುಂದದ ದಪ್ಪ ಜಮಖಾನ, ಕಿಟಕಿಗೆ ಭಾರದ ಪರದೆ, ಗೋಡೆಗೆ ಪುಸ್ತಕದ ಕಪಾಟು ಬಂದರೆ ಕಿವಿಗೆ ಚುಚ್ಚುವ ದನಿ ಮೆತ್ತಗಾಗುತ್ತದೆ. ತಗ್ಗು ದನಿಯ ಗುಂಯ್‌ಕಾರಕ್ಕೆ ಮಾತ್ರ ಜಾಗ ಬದಲಿಸುವುದೇ ಮದ್ದು. ಇಷ್ಟಾದ ಮೇಲೂ ಕೈಯಲ್ಲಿ ಹಣವಿದ್ದರೆ ಒಳ್ಳೆಯ ಸ್ಪೀಕರಿಗೆ ಹಾಕಿ. ಸ್ಪೀಕರಿಗೂ ಸ್ಪೀಕರಿಗೂ ಇರುವ ಅಂತರ ಮಕ್ಕಳಿಗೂ ತಿಳಿಯುತ್ತದೆ, ಪರೀಕ್ಷೆ ಬೇಕಿಲ್ಲ.

ನಮ್ಮ ಸಿಟ್ಟಿಗೆ ನಿಜವಾದ ಕಾರಣ ಬೇರೆಯೇ ಇದೆ. ಲಕ್ಷ ರೂಪಾಯಿಯ ಪೆಟ್ಟಿಗೆ ಹಾಡುತ್ತಿರುವ ಮನೆಗಳ ಅಟ್ಟದ ಮೇಲೆಯೇ ರಟ್ಟಿನ ಡಬ್ಬದಲ್ಲಿ ಹಳೆಯ ಕ್ಯಾಸೆಟ್ಟುಗಳು ಬೂಷ್ಟು ಹಿಡಿಯುತ್ತಿವೆ. ಊರಿನಿಂದ ಬಂದಿದ್ದ ಅಜ್ಜಿ ಹೇಳಿದ ಸೋಬಾನೆ, ಮದುವೆಯ ಹಸೆಹಾಡು, ತೀರಿಕೊಂಡ ತಂದೆಯ ದನಿ. ಅಂಗಡಿಯಲ್ಲಿ ಸಿಗುವ ಸುರುಳಿ ಹಾಳಾದರೆ ಇನ್ನೊಂದು ಕಡೆ ಪ್ರತಿ ಇದ್ದೀತು. ಇವಕ್ಕೆ ಇರುವುದು ಒಂದೇ ಪ್ರತಿ. ಮುಂಬಯಿಯ ಪ್ರತಿ ಮಳೆಗಾಲ ಅದರಲ್ಲಿ ಸ್ವಲ್ಪ ಸ್ವಲ್ಪವನ್ನು ತಿನ್ನುತ್ತಿದೆ. ಇವನ್ನು ಉಳಿಸಲು ಬೇಕಾದದ್ದು ಮೂರು ಪೆಟ್ಟಿಗೆಯಲ್ಲ: ರಿಪೇರಿಯಾದ ಒಂದು ಕ್ಯಾಸೆಟ್ ಡೆಕ್, ಅದರ ದನಿಯನ್ನು ಕಂಪ್ಯೂಟರಿಗೆ ಇಳಿಸುವ ಒಂದು ಚಿಕ್ಕ ಸಾಧನ, ತಾಳ್ಮೆಯ ಒಬ್ಬ ಮನುಷ್ಯ.

ಆದ್ದರಿಂದ ಕಾರ್ಯಕಾರಿ ಸಮಿತಿಗೆ ನಮ್ಮ ಒತ್ತಾಯವಿದು. ಸಂಘವೇ ಇಂಥದೊಂದು ಡೆಕ್ಕನ್ನು ಕೊಂಡು ಸದಸ್ಯರ ಸುರುಳಿಗಳನ್ನು ಇಳಿಸಿಕೊಡುವ ಏರ್ಪಾಡು ಮಾಡಬೇಕು. ಒಂದೊಂದು ಸುರುಳಿಗೂ ಹೆಡ್ಡಿನ ಓರೆಯನ್ನು ಸಣ್ಣ ಸ್ಕ್ರೂ ತಿರುಗಿಸಿ ಹೊಂದಿಸಬೇಕು, ಇಲ್ಲದಿದ್ದರೆ ದನಿ ಮಂಕಾಗಿ ಬರುತ್ತದೆ. ಬಿಳಿ ಬೂಷ್ಟು ಕಾಣುವ ಸುರುಳಿಗಳನ್ನು ಸದಸ್ಯರು ಮನೆಯ ಯಂತ್ರದಲ್ಲಿ ಹಾಕಿ ನೋಡುವುದು ಬೇಡ. ಅದು ಹೆಡ್ಡಿಗೆ ಅಂಟಿಕೊಂಡು ಮುಂದಿನ ಸುರುಳಿಗೂ ಹರಡುತ್ತದೆ. ಅವನ್ನು ಬೇರೆ ಚೀಲದಲ್ಲಿ ಕಟ್ಟಿ, ಒಳಗೆ ಯಾರ ದನಿ ಇದೆ, ಯಾವ ವರ್ಷದ್ದು ಎಂದು ಚೀಟಿ ಬರೆದು ತರಲಿ. ಬರೆಯಬಲ್ಲ ಹಿರಿಯರು ಮನೆಯಲ್ಲಿ ಇರುವಾಗಲೇ ಚೀಟಿ ಬರೆಸಿಕೊಳ್ಳುವುದು ಒಳಿತು.