ಬಾಗಲಾ ಒದರಿದ್ರ ಬಾಗಲಕ್ಕ ಎಣ್ಣಿ ಹಾಕ್ರಿ, ಸೊಸಿಗೆ ಬುದ್ಧಿ ಹೇಳಬ್ಯಾಡ್ರಿ

ಅಕ್ಕಾ, ವೈನಿ, ಕಾಕು, ಮೌಶಿ, ಎಲ್ಲಾರಿಗೂ ಕೂಡೇ ಹೇಳ್ತೀನಿ. ಸಿಟ್ಟ ಬಂದ್ರ ಬರ್ಲಿ. ರಾತ್ರಿ ಹನ್ನೆರಡಕ್ಕ ಕೆಲಸಾ ಮುಗಿಸಿ ಬಂದ ಹೆಣ್ಮಗಳು ಗ್ಯಾರೇಜಿನ ಬಾಗಲಾ ತಗದ್ರ ಮನೀಮಂದಿ ನಿದ್ದಿ ಕೆಡ್ತದ ಅಂದ್ರ, ತಪ್ಪು ಬಾಗಲದ್ದು. ಆಕೀದಲ್ಲ. ಇಷ್ಟ ಸಣ್ಣ ಮಾತು ಇಲ್ಲೆ ಅಮೇರಿಕಾದಾಗ ನಮ್ಮ ಮಂದಿ ಮನ್ಯಾಗ ಯಾರಿಗೂ ಹೊಳೀವಲ್ತು ಅಂತನ ಇವತ್ತ ಬರಿಯಾಕ ಕೂತೀನಿ.

ಊರಾಗ ಇರೋರಿಗೆ ಮೊದಲ ತಿಳಿಸಿ ಹೇಳ್ತೀನಿ. ಇಲ್ಲಿ ಗ್ಯಾರೇಜ್ ಮನೀಗೆ ಹತ್ತಿಕೊಂಡ ಇರ್ತದ, ಭಾಳ ಮನ್ಯಾಗ ಅದರ ಮ್ಯಾಲೆ ಮಲಗೂ ಖೋಲಿ. ಬಾಗಲಾ ನಮ್ಮ ಕಡೆ ಬಾಗಲದಂಗ ಒಳಗ-ಹೊರಗ ತಗಿಯೂದಲ್ಲ. ಅಡ್ಡಡ್ಡ ನಾಕು ಹಲಗಿ, ನಡುವ ಬಿಜಾಗರಿ, ಎರಡೂ ಕಡೆ ಗಾಲಿ. ಆ ಗಾಲಿ ಹಳಿ ಮ್ಯಾಲೆ ಓಡಿ ಬಾಗಲಾ ಮ್ಯಾಲಕ್ಕ ಹೋಗಿ ಛತ್ತಿನ ಕೆಳಗ ಅಡ್ಡ ಮಲಗ್ತದ. ಎಳಿಯಾಕ ಒಂದು ಮೋಟಾರು, ಅದು ಛತ್ತಿಗೇ ತೂಗಿ ಹಾಕಿದ್ದು. ಅಂದ್ರ ಮೋಟಾರು ನಡಗಿದ್ರ ಛತ್ತು ನಡಗ್ತದ, ಛತ್ತು ನಡಗಿದ್ರ ಮ್ಯಾಲಿನ ಖೋಲಿ ತಬಲಾ ಆಗ್ತದ. ಆ ಖೋಲಿನ ನಾವು ಊರಿಂದ ಬಂದ ಅತ್ತಿ-ಮಾವಗ ಕೊಟ್ಟಿರ್ತೀವಿ.

ನಮ್ಮ ಓಣ್ಯಾಗ ಒಬ್ಬಾಕಿ ದವಾಖಾನ್ಯಾಗ ನರ್ಸ್ ಇದ್ದಾಳ. ಸಂಜಿ ಪಾಳಿ. ಶಿಕಾಗೋ ಕಡೆ ಜನವರಿ ಅಂದ್ರ ಏನು ಅಂತ ಇಲ್ಲಿದ್ದವರಿಗೆ ಹೇಳಬೇಕಾಗಿಲ್ಲ. ಆ ಥಂಡ್ಯಾಗ ಆಕಿ ಗಾಡಿ ರಸ್ತಾದ ಮ್ಯಾಲೆ ನಿಲ್ಲಿಸಿ, ಹಿಮಾ ತುಳಕೋತ ಬಂದು, ಬೂಟು ಕೈಯಾಗ ಹಿಡಕೊಂಡು ಮುಂಚಿ ಬಾಗಲದಿಂದ ಕಳ್ಳರಂಗ ಒಳಗ ಹೋಗ್ತಾಳ. ಯಾಕ? ಗ್ಯಾರೇಜ್ ತಗದ್ರ ಮಾವಗ ಎಚ್ಚರ ಆಗ್ತದ. ಅತ್ತಿ ಹೇಳಿದ್ದು, ಹಗಲ ಪಾಳಿ ತಗೋ, ಇಲ್ಲಂದ್ರ ಕೆಲಸಾನ ಬಿಡು. ಗಂಡ ಹೇಳಿದ್ದು, ಶನಿವಾರ ನೋಡ್ತೀನಿ. ಆ ಶನಿವಾರ ದೀಪಾವಳಿಯಿಂದ ಸಂಕ್ರಮಣದ ತನಕಾ ಬಂದಿಲ್ಲ.

ಮುದುಕರ ನಿದ್ದಿ ಸುಳ್ಳಂತ ನಾ ಅನ್ನೂದಿಲ್ಲ. ಒಮ್ಮೆ ಹಾರಿದ್ರ ಅದು ಹೊಳ್ಳಿ ಬರೂದಿಲ್ಲ. ಆದ್ರ ಮಿಕ್ಸರ್ ಒದರಿದ್ರ ಚಟ್ನಿ ಮಾಡೂದು ಬಿಡ್ತೀವೇನು? ಹೊಲಿಗಿ ಮಷಿನ್ ಕಿರಗುಟ್ಟಿದ್ರ ಹೊಲಿಯಾಕಿಗೆ ಬೈತೀವೇನು? ಎರಡು ಹನಿ ಎಣ್ಣಿ ಬಿಡ್ತೀವಿ. ಮನ್ಯಾಗಿನ ಎಲ್ಲಾ ಸಾಮಾನಿಗೂ ಒಂದು ನ್ಯಾಯ, ಹೆಣ್ಮಗಳು ರಾತ್ರಿ ತಗಿಯೂ ಬಾಗಲಕ್ಕ ಮಾತ್ರ ಇನ್ನೊಂದು ನ್ಯಾಯ. ನನಗ ಅನಸ್ತದ, ಅಲ್ಲಿ ಒದರೂದು ಬರೇ ಬಾಗಲಾ ಅಲ್ಲ. ಆಕಿ ರಾತ್ರಿ ಕೆಲಸಕ್ಕ ಹೋಗೂದು ಯಾರಿಗೋ ಮನಸ್ಸಿಗೆ ಬಂದಿಲ್ಲ, ಬಾಗಲದ ಸಪ್ಪಳ ಅದಕ್ಕ ಒಂದು ನೆವಾ. ಆ ನೆವಾ ತಗದ ಹಾಕ್ರಿ. ಅದಕ್ಕ ಹೆಚ್ಚಂದ್ರ ಎರಡು ತಾಸು ಸಾಕು. ನಾನೂ ಸಂಜಿ ಪಾಳಿಯಾಕಿನ, ನಮ್ಮ ಮನಿ ಬಾಗಲಾ ನಾನ ನೋಡಿಕೋತೀನಿ.

ಮೊದಲ ಕಿವಿ ಕೊಟ್ಟು ಕೇಳ್ರಿ. ಕಿರ್ರ್ ಅಂದ್ರ ಬಿಜಾಗರಿ, ಗಾಲಿ ಒಣಗ್ಯಾವ. ಖಡಖಡ ಅಂದ್ರ ನಟ್ಟು-ಬೋಲ್ಟು ಸಡಲ ಆಗ್ಯಾವ. ಗುಡುಗುಡು ಅಂತ ಛತ್ತೆಲ್ಲಾ ಗುಂಯಿಗುಟ್ಟಿದ್ರ ಅದು ಮೋಟಾರಿನ ನಡುಕ. ಅಡಗಿಮನ್ಯಾಗ ಕುಕ್ಕರಿನ ಸೀಟಿ ಕೇಳಿ ಬ್ಯಾಳಿ ಬೆಂದದ್ದು ಹೇಳೋ ಕಿವಿಗೆ ಇದೇನ ದೊಡ್ಡದಲ್ಲ.

ಆಮ್ಯಾಲೆ ಬಾಗಲಾ ಪೂರ್ತಿ ಕೆಳಗ ಇಳಿಸಿ, ಮೋಟಾರಿನ ಪ್ಲಗ್ ಕಿತ್ತ ಇಡ್ರಿ. ಇದನ್ನ ಬಿಟ್ಟು ಮುಂದ ಹೋಗಬ್ಯಾಡ್ರಿ. ಒಳಗಿನ ಕಡೆ ಬಿಜಾಗರಿ ಬೋಲ್ಟು, ಹಳಿ ಗ್ವಾಡಿಗೆ ಹಿಡಿದ ಬೋಲ್ಟು ಒಂದೊಂದ ಬಿಗಿ ಮಾಡ್ಕೋತ ಹೋಗ್ರಿ. ಬಿಜಾಗರಿಗೆ ಭಾಳ ಕಡೆ 7/16 ಇಂಚಿನ ಸಾಕೆಟ್ ಪಾನಾ ಹತ್ತತದ. ಬಿಗಿ ಆದ ಮ್ಯಾಲೆ ಮತ್ತ ಜೋರು ಹಚ್ಚಬ್ಯಾಡ್ರಿ, ಹಲಗಿಯೊಳಗಿನ ತೂತು ಕೆಟ್ಟಹೋಗ್ತದ.

ಹಳಿ ಒಳಗ ಧೂಳು, ಜ್ಯಾಡಿ, ಹಳೀ ಜಿಡ್ಡು ಕೂತಿರ್ತದ. ಒದ್ದಿ ಅರಬಿಲೆ ಒರಸ್ರಿ. ಹಳಿಗೆ ಎಣ್ಣಿ ಮಾತ್ರ ಹಚ್ಚಬ್ಯಾಡ್ರಿ. ಗಾಲಿ ಅಲ್ಲೆ ಉರುಳಬೇಕು, ಜಾರಬಾರ್ದು. ಮ್ಯಾಲೆ ಆ ಜಿಡ್ಡಿಗೆ ಧೂಳು ಬಂದು ಹತ್ತತದ. ಎಣ್ಣಿ ಬೇಕಾದ್ದು ಬಿಜಾಗರಿ ಮಡಚೂ ಜಾಗಾಕ್ಕ, ಕಬ್ಬಿಣದ ಗಾಲಿಯೊಳಗಿನ ಗುಂಡಿನ ಬೇರಿಂಗಿಗೆ, ಮತ್ತ ಮ್ಯಾಲಿನ ಸ್ಪ್ರಿಂಗಿಗೆ ದೂರಿಂದ ತುಸು ಸ್ಪ್ರೇ. ಸಿಲಿಕಾನ್ ಸ್ಪ್ರೇ ಇಲ್ಲಾ ಬಿಳೀ ಲಿಥಿಯಂ ಗ್ರೀಸ್ ಅಂತ ಅಂಗಡ್ಯಾಗ ಕೇಳ್ರಿ. ತುಕ್ಕು ಬಿಡಸೂ ಸ್ಪ್ರೇ ಹೊಡದು ಆತು ಅನಬ್ಯಾಡ್ರಿ, ಅದು ಎಂಟ ದಿವಸಕ್ಕ ಒಣಗಿ ಹೋಗ್ತದ. ಅಡಗಿ ಎಣ್ಣೀನೂ ಬ್ಯಾಡ. ಕೊಬ್ಬರಿ ಎಣ್ಣಿ 24 ಡಿಗ್ರಿಕ್ಕಿಂತ ಕೆಳಗ ಹೆಪ್ಪುಗಟ್ಟತದ, ಇಲ್ಲಿ ಥಂಡ್ಯಾಗ ಕಲ್ಲ ಆದೀತು. ಉಳದ ಎಣ್ಣಿ ಅಂಟು ಆಗಿ ಹಿಡಕೋತಾವ.

ಇಷ್ಟ ಮಾಡಿ, ಪ್ಲಗ್ ಹಾಕಿ, ಮೂರು-ನಾಕು ಸಲ ಮ್ಯಾಲೆ-ಕೆಳಗ ಓಡಸ್ರಿ. ಅರ್ಧಕ್ಕಿಂತ ಹೆಚ್ಚ ಮನ್ಯಾಗ ಇದಕ್ಕನ ಬಾಗಲದ ಬಾಯಿ ಮುಚ್ಚಿ ಹೋಗೂದು ನಾ ನೋಡೀನಿ. ಇನ್ನೂ ಗರಗರ ಅಂದ್ರ ಕಬ್ಬಿಣದ ಗಾಲಿ ತಗದು ನೈಲಾನ್ ಗಾಲಿ ಹಾಕಬೇಕು. ಏಳು ಅಡಿ ಎತ್ತರದ ಬಾಗಲಕ್ಕ ಬಹಳ ಮಾಡಿ ಹತ್ತು ಗಾಲಿ ಇರ್ತಾವ. ಬಾಗಲಾ ಕೆಳಗಿದ್ದಾಗ, ಪ್ಲಗ್ ಕಿತ್ತು, ಒಮ್ಮೆಗೆ ಒಂದ ಬಿಜಾಗರಿ ಬಿಚ್ಚರಿ, ಗಾಲಿ ಬದಲಿ ಮಾಡ್ರಿ, ಬಿಗಿ ಮಾಡಿ ಮುಂದಿಂದಕ್ಕ ಹೋಗ್ರಿ. ಛತ್ತು ಗುಂಯಿಗುಟ್ಟಿದ್ರ, ಮೋಟಾರು ತೂಗಿ ಹಾಕಿದ ಪಟ್ಟಿಗೂ ಛತ್ತಿಗೂ ನಡುವ ರಬ್ಬರ್ ಗಾದಿ ಸಿಗ್ತಾವ, ಹಾಕಸ್ರಿ. ಮೋಟಾರು ಹಿಡಿಯಾಕ ಎರಡು ಮಂದಿ ಬೇಕು. ಅದಕ್ಕ ಶನಿವಾರದ ಗಂಡನ್ನ ಕರೀರಿ, ನಿಚ್ಚಣಕಿ ಹಿಡಕೊಂಡ ನಿಲ್ಲಲಿ.

ಈಗ ಮುಟ್ಟಬಾರದ್ದು ಹೇಳ್ತೀನಿ, ಇದನ್ನ ಹಗುರ ತಗೋಬ್ಯಾಡ್ರಿ. ಎರಡು ಕಾರಿನ ಬಾಗಲಾ ಹಗುರಂದ್ರೂ 60-70 ಕಿಲೋ. ಆ ತೂಕಾ ಹೊತ್ತದ್ದು ಮೋಟಾರಲ್ಲ, ಮ್ಯಾಲಿನ ಸ್ಪ್ರಿಂಗು. ಬಾಗಲಾ ಮುಚ್ಚಿದಾಗ ಅದರಾಗ ಪೂರಾ ಬಲ ಸುತ್ತಿ ಇಟ್ಟಿರ್ತದ. ಕುಕ್ಕರಿನ ಉಗಿ ಹೋಗೂ ಮುಂಚೆ ಮುಚ್ಚಳ ತಗದ್ರ ಏನಾಗ್ತದೋ, ಆ ಸ್ಪ್ರಿಂಗಿನ ತಿರುಪು ಸಡಲ ಮಾಡಿದ್ರ ಅದಕ್ಕಿಂತ ಕೆಟ್ಟದ್ದು. ಕೈ ಮುರೀತದ, ಕಣ್ಣು ಹೋಗ್ತದ, ಜೀವಾ ಹೋದದ್ದೂ ಅದ. ಸ್ಪ್ರಿಂಗು, ತಂತಿ ಹಗ್ಗ, ಆ ತಂತಿ ಕಟ್ಟಿದ ತಳದ ಎರಡು ಪಟ್ಟಿ, ಅಲ್ಲಿನ ಎರಡು ಗಾಲಿ, ಇವಕ್ಕ ಕೈ ಹಚ್ಚಬ್ಯಾಡ್ರಿ. ಮಿಸ್ತ್ರಿಗೆ ಹೇಳ್ರಿ. ಸಾಮಾನ್ಯ ಸ್ಪ್ರಿಂಗ್ 10,000 ಸಲದ ಲೆಕ್ಕಕ್ಕ ಮಾಡಿರ್ತಾರ, ಒಮ್ಮೆ ತಗದು ಒಮ್ಮೆ ಮುಚ್ಚಿದ್ರ ಒಂದು. ದಿನಕ್ಕ ನಾಕು ಸಲ ಅಂದ್ರ ಹತ್ತಿರಹತ್ತಿರ ಏಳು ವರ್ಷ. ಗ್ಯಾರೇಜಿನಾಗ ಬಂದೂಕು ಹಾರಿಸಿದಂಗ ಒಮ್ಮೆ ಢಮ್ ಅಂದು ಬಾಗಲಾ ಏಳದಿದ್ರ ಸ್ಪ್ರಿಂಗು ಕಡದದ ಅಂತ ತಿಳೀರಿ, ಮತ್ತ ಬಟನ್ ಒತ್ತಬ್ಯಾಡ್ರಿ.

ಸ್ಪ್ರಿಂಗಿನ ಆರೋಗ್ಯ ನೋಡೂದು ಮಾತ್ರ ನಮ್ಮ ಕೈಯಾಗ ಅದ. ಬಾಗಲಾ ಮುಚ್ಚಿದ್ದಾಗ ಮೋಟಾರಿನಿಂದ ಇಳಿಬಿಟ್ಟ ಕೆಂಪು ಹಗ್ಗಾ ಜಗ್ಗರಿ, ಮೋಟಾರು ಬಿಟ್ಟುಕೋತದ. ಕೈಯಿಂದ ಬಾಗಲಾ ಟೊಂಕದ ಮಟಾ ಎತ್ತಿ ಮೆಲ್ಲಕ ಬಿಡ್ರಿ, ಕಾಲು ಕೆಳಗ ಇಡಬ್ಯಾಡ್ರಿ. ಅಲ್ಲೆ ನಿಂತ್ರ ಛೊಲೋ. ಕೆಳಗ ಬಿದ್ರ, ಇಲ್ಲಾ ಮ್ಯಾಲೆ ಹಾರಿದ್ರ, ಸ್ಪ್ರಿಂಗು ಸರಿ ಮಾಡಸಬೇಕು. ಈ ಕೆಂಪು ಹಗ್ಗ ಮನೀ ಪ್ರತಿ ಹೆಂಗಸಿಗೂ ಗೊತ್ತಿರಬೇಕು. ಕರೆಂಟ್ ಹೋದ ದಿನಾ ಗಂಡ ಊರಾಗಿಲ್ಲ ಅಂತ ಕೂಸಿನ್ನ ಎತ್ತಿಕೊಂಡು ಒಳಗ ಸಿಕ್ಕು ಕೂಡೂದು ಯಾವ ಸಂಸಾರ?

ಕೂಸಿನ ಮಾತು ಬಂತು. 1993ರ ನಂತರ ಇಲ್ಲಿ ಮಾಡಿದ ಮೋಟಾರಿಗೆ, ಏನರ ಅಡ್ಡ ಬಂದ್ರ ಬಾಗಲಾ ಹೊಳ್ಳಿ ಮ್ಯಾಲೆ ಹೋಗೂ ವ್ಯವಸ್ಥಾ ಇರಬೇಕು ಅಂತ ಕಾಯ್ದೆ ಅದ. ನೆಲದಿಂದ ಆರು ಇಂಚಿನೊಳಗ ಎರಡೂ ಕಡೆ ಸಣ್ಣ ಕಣ್ಣು ಇರ್ತಾವ, ಜ್ಯಾಡಿ ಕಟ್ಟಿದ್ರ ಒರಸ್ರಿ. ಬಾಗಲದ ಕೆಳಗ ಒಂದೂವರಿ ಇಂಚು ದಪ್ಪದ ಕಟಗಿ ಅಡ್ಡ ಮಲಗಿಸಿ ಬಟನ್ ಒತ್ತರಿ. ಕಟಗಿಗೆ ತಾಗಿದ ಕೂಡಲೇ ಬಾಗಲಾ ತಿರುಗಬೇಕು. ತಿರುಗದಿದ್ರ ಆ ಬಾಗಲಾ ಉಪಯೋಗಿಸಬ್ಯಾಡ್ರಿ. ಸಪ್ಪಳಕ್ಕ ಸೊಸಿಗೆ ಬೈಯೋ ಮನ್ಯಾಗ ಈ ಪರೀಕ್ಷಾ ಎಷ್ಟು ಮಂದಿ ಮಾಡ್ಯಾರ, ಕೇಳಿ ನೋಡ್ರಿ.

ಒಬ್ಬಾಕಿ ತಂಗಿ ನನಗ ಅಂದ್ಲು, ಅಕ್ಕಾ, ನಮಗ ಮೊದಲ ನೂರು ಕೆಲಸಾ, ನೀ ನೂರಾಒಂದನೇದ್ದು ಹಚ್ಚತೀ. ಮಾತು ಖರೆ. ಇದು ಹೆಂಗಸರ ಪಾಲಿಗೆ ಬರೀಬೇಕಾದ ಕೆಲಸಾ ಅಂತ ನಾ ಹೇಳೂದಿಲ್ಲ, ಮನ್ಯಾಗ ಯಾರು ಮಾಡಿದ್ರೂ ಅಷ್ಟ. ಮಾಡೂ ಗಂಡಸು ಇದ್ರ ಪಾನಾ ಅವನ ಕೈಯಾಗ ಕೊಟ್ಟು ಚಹಾ ಕುಡಕೋತ ಕೂಡ್ರಿ. ಆದ್ರ ಸಪ್ಪಳದ ಬೈಗಳ ತಿನ್ನೂದು ನೀವು, ಅದನ್ನ ನಿಲ್ಲಿಸೂ ಕೀಲಿ ಇನ್ನೊಬ್ಬರ ಶನಿವಾರದಾಗ ಇರೂದು, ಇದು ನಡಿಯೂದಿಲ್ಲ. ಕಾಯೂದೂ ಒಂದು ಕೆಲಸಾನ. ಎಣ್ಣಿ ಹಾಕೂದಕ್ಕಿಂತ ಅದು ಭಾಳ ದಣಿಸ್ತದ.

ಇನ್ನ ಫೋನ್ ಹಚ್ಚಿದ ಕೂಡಲೇ ಬರೂ ಮಿಸ್ತ್ರಿ. ಎಲ್ಲಾರೂ ಕೆಟ್ಟವರಲ್ಲ. ಆದ್ರ ಒಬ್ಬಾಂವ ನಮ್ಮ ಮನೀಗೆ ಬಂದು, ಕಿರ್ರ್ ಅನ್ನೂ ಬಾಗಲಾ ನೋಡಿ, ಪೂರಾ ಬಾಗಲಾನ ಬದಲಿ ಮಾಡಬೇಕು ಅಂದ. ಯಾವ ಭಾಗ ಕೆಟ್ಟದ, ತೋರಸು ಅಂದೆ. ಬಿಜಾಗರಿ ಯಾವುದು, ಗಾಲಿ ಯಾವುದು ಅಂತ ನಾ ಹೆಸರು ಹಿಡದು ಕೇಳಿದ ಮ್ಯಾಲೆ ಅವನ ಲೆಕ್ಕಾ ತಾನ ಇಳೀತು. ಹೆಸರು ಗೊತ್ತಿದ್ದಾಕಿಗೆ ಟೋಪಿ ಹಾಕೂದು ಕಷ್ಟ.

ಹುಬ್ಬಳ್ಳಿ-ಧಾರವಾಡದಾಗ ಕಾರಿನ ಜಾಗಾಕ್ಕ ಶಟರ್ ಹಾಕಿಸಿದವರೂ ಇದನ್ನ ಓದ್ರಿ. ಕೈಲೆ ಎಳಿಯೂ ಶಟರಿನ ಮ್ಯಾಲಿನ ಕೊಳವ್ಯಾಗ ಸ್ಪ್ರಿಂಗು ಇರ್ತಾವ, ಅದನ್ನ ಮುಟ್ಟಬ್ಯಾಡ್ರಿ. ಎರಡೂ ಕಡೆ ಗಾಳಿ ಒರಸೂದು ನಿಮ್ಮ ಕೈಯಾಗ ಅದ.

ಕಾಕು, ಮೌಶಿ, ಕಡೀಕ ನಿಮಗ ಒಂದು ವಿನಂತಿ. ನಿಮ್ಮ ಕಾಲದಾಗ ಗಂಗಾಳ ಸಪ್ಪಳ ಆದ್ರೂ ಬೈಸಿಕೊಂಡೀರಿ, ನನಗ ಗೊತ್ತದ. ಅದನ್ನ ಸೊಸಿಗೆ ದಾಟಿಸಬ್ಯಾಡ್ರಿ. ರಾತ್ರಿ ಎಚ್ಚರ ಆದ್ರ ಮುಂಜಾನೆ ಆಕೀ ಕೈಯಾಗ ಸ್ಪ್ರೇ ಡಬ್ಬಿ ಕೊಡ್ರಿ, ಇಲ್ಲಂದ್ರ ಮಗನ ಕೈಯಾಗ ಕೊಡ್ರಿ. ಆಕಿ ಗಾಡಿ ಒಳಗ ಬರ್ಲಿ.