ಡಾಕ್ಟರ್ ಓದಿ ಬಂದ ಹುಡುಗ ಮೊಬೈಲ್ ಹಿಡಿದು ಕೂತಿದ್ದಾನೆ, ಕೂರಲಿ ಬಿಡಿ

ಸುದ್ದಿಗೆಂದು ಹಳ್ಳಿ ತಿರುಗುವ ನಮಗೆ ಕಟ್ಟೆಯ ಮೇಲೆ ಪದೇ ಪದೇ ಎದುರಾಗುವ ಪ್ರಶ್ನೆ ಇದು. "ಆರು ವರ್ಷ ಫಾರಿನ್ನಾಗ ಡಾಕ್ಟರ್ ಓದಿ ಬಂದಾನ್ರೀ. ಈಗ ನೋಡಿದ್ರ ಮನ್ಯಾಗ ಕುಂತು ಮೊಬೈಲ್ ಒತ್ತತಾನ. ಪಾಸ್ ಆಗ್ಯಾನೋ ಇಲ್ಲೋ?"

ಕಾಲೇಜಿನಲ್ಲಿ ಪಾಸಾಗಿದ್ದಾನೆ. ಆದರೆ ರಷ್ಯಾ, ಕಿರ್ಗಿಸ್ತಾನ, ಜಾರ್ಜಿಯಾ, ಫಿಲಿಪೈನ್ಸ್‌ನಂಥ ಕಡೆ ಓದಿ ಬಂದವರು ಇಲ್ಲಿ ವೈದ್ಯರಾಗಬೇಕಾದರೆ ಎಫ್‌ಎಂಜಿಇ ಎಂಬ ಪರೀಕ್ಷೆ ದಾಟಬೇಕು. 2002ರಿಂದ ಇರುವ ನಿಯಮ. ಜೂನ್ ಸುತ್ತು, ಡಿಸೆಂಬರ್ ಸುತ್ತು ಎಂದು ವರ್ಷಕ್ಕೆರಡು ಸಲ ನಡೆಯುತ್ತದೆ. ಒಟ್ಟು 300 ಪ್ರಶ್ನೆ, 150 ಸರಿಯಾದರೆ ಪಾಸ್. 149 ಬಂದರೆ ಮತ್ತೆ ಆರು ತಿಂಗಳು ಕಾಯಬೇಕು. ಪಾಸಾದ ಮೇಲೂ ಇಲ್ಲಿ ಇಂಟರ್ನ್‌ಶಿಪ್ ಮುಗಿಸಿದರೇ ನೋಂದಣಿ. ನೋಂದಣಿ ಇಲ್ಲದೆ ರೋಗಿಗೆ ಚಿಕಿತ್ಸೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ ಎಂದು 2019ರ ಕಾಯ್ದೆ ಹೇಳುತ್ತದೆ.

ಅರ್ಧ ಅಂಕ ತಾನೇ, ಅದೇನು ಕಷ್ಟ ಅನ್ನಬೇಡಿ. 2023ರ ಜೂನ್ ಸುತ್ತಿನಲ್ಲಿ ಬರೆದವರಲ್ಲಿ ನೂರಕ್ಕೆ ಸುಮಾರು 10 ಮಂದಿ ಪಾಸಾದರು. ಮರುವರ್ಷದ ಜೂನ್ ಸುತ್ತಿನಲ್ಲಿ ಸುಮಾರು 20.

ನಮ್ಮ ಹಾವೇರಿ ಜಿಲ್ಲೆಯ ಚಳಗೇರಿಯ ನವೀನ್ 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಪ್ರಾಣ ಕಳೆದುಕೊಂಡಾಗ ಇಡೀ ನಾಡೇ ಕೇಳಿತು, ನಮ್ಮ ಮಕ್ಕಳು ಅಷ್ಟು ದೂರ ಯಾಕೆ ಹೋಗುತ್ತಾರೆ ಎಂದು. ಕೇಳಬೇಕಾದ ಪ್ರಶ್ನೆಯೇ. ಆದರೆ ಓದು ಮುಗಿಸಿ ವಾಪಸ್ ಬಂದು ಕೋಣೆಯಲ್ಲಿ ಕೂತವರು ಏನು ಮಾಡುತ್ತಿದ್ದಾರೆ ಎಂದು ಅಷ್ಟು ಜೋರಾಗಿ ಯಾರೂ ಕೇಳಲಿಲ್ಲ.

ಅವರು ಮಾಡುತ್ತಿರುವುದು ಇಷ್ಟು. ಆ ಮೊಬೈಲ್‌ನಲ್ಲಿ ಇರುವುದು ರೀಲ್ಸ್ ಅಲ್ಲ (ಎಲ್ಲ ಹೊತ್ತೂ ಅಲ್ಲ ಅನ್ನೋಣ), ಅಭ್ಯಾಸದ ಪ್ರಶ್ನೆಗಳು. ಒಂದು ಪ್ರಶ್ನೆ, ನಾಲ್ಕು ಉತ್ತರ, ಒಂದನ್ನು ಒತ್ತಬೇಕು. ಪರೀಕ್ಷೆಯಲ್ಲಿ 150 ನಿಮಿಷಕ್ಕೆ 150 ಪ್ರಶ್ನೆ, ಹಾಗೆ ಎರಡು ಸಲ. ಪ್ರಶ್ನೆಗೊಂದು ನಿಮಿಷ. ಪುಸ್ತಕ ಓದಿದ್ದು ನಿಮಿಷದೊಳಗೆ ನೆನಪಿಗೆ ಬರಬೇಕಾದರೆ ಕೈ ಪಳಗಲೇಬೇಕು. ಓದಿದ್ದನ್ನೇ ಮತ್ತೆ ಓದುವುದಕ್ಕಿಂತ, ಪುಸ್ತಕ ಮುಚ್ಚಿ ತನ್ನನ್ನೇ ಪರೀಕ್ಷೆ ಮಾಡಿಕೊಂಡವರಿಗೆ ವಾರದ ನಂತರವೂ ಹೆಚ್ಚು ನೆನಪಿತ್ತು ಎಂದು ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲೇ ತೋರಿಸಿದ್ದಾರೆ. ಹಾಗಾಗಿ ಅವನು ಕೂರಲಿ ಬಿಡಿ.

ಆದರೆ ಹೇಗೆ ಕೂರುತ್ತಾನೆ ಎನ್ನುವುದರ ಬಗ್ಗೆ ನಮ್ಮ ತಕರಾರಿದೆ. "ಇವತ್ತು 200 ಪ್ರಶ್ನೆ ಮುಗಿಸಿದೆ" ಎಂದು ಹೇಳಿಕೊಳ್ಳುವುದು ಎಕರೆ ಲೆಕ್ಕದಲ್ಲಿ ಕಳೆ ತೆಗೆದು, ಬೇರು ಅಲ್ಲೇ ಬಿಟ್ಟು ಬಂದ ಹಾಗೆ. ತಪ್ಪಾದ ಪ್ರಶ್ನೆಯ ಮುಂದೆ ಎಷ್ಟು ಹೊತ್ತು ಕೂತ ಎನ್ನುವುದು ಮುಖ್ಯ. ವಿಷಯವೇ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಎರಡು ಉತ್ತರಗಳ ನಡುವೆ ತಡವರಿಸಿದನೋ, 'ಇವುಗಳಲ್ಲಿ ಯಾವುದು ಅಲ್ಲ' ಎಂಬುದನ್ನು 'ಯಾವುದು ಹೌದು' ಎಂದು ಓದಿಕೊಂಡನೋ? ಮೂರಕ್ಕೂ ಬೇರೆ ಬೇರೆ ಮದ್ದು. ಇದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ವಾರ ಬಿಟ್ಟು ಅದೇ ಪ್ರಶ್ನೆಗೆ ಮರಳಬೇಕು. ಒತ್ತಿದ್ದು ಅದೃಷ್ಟದಿಂದ ಸರಿಯಾಗಿದ್ದರೆ ಅದನ್ನೂ ತಪ್ಪಿನ ಲೆಕ್ಕಕ್ಕೇ ಹಾಕಬೇಕು. ಪರೀಕ್ಷೆಯ ದಿನ ಮಾತ್ರ ಲೆಕ್ಕ ಬೇರೆ: ತಪ್ಪಿಗೆ ಅಂಕ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬಾರದು.

ಇನ್ನೊಂದು ಕಾಟ ಟೆಲಿಗ್ರಾಂನದು. 'ಹಿಂದಿನ ಪರೀಕ್ಷೆಯ ಪ್ರಶ್ನೆಗಳು', 'ಇವೇ ಬರುತ್ತವೆ' ಎಂದು ಪಿಡಿಎಫ್ ಮಾರುವವರಿದ್ದಾರೆ. ಪರೀಕ್ಷೆ ನಡೆಸುವ ರಾಷ್ಟ್ರೀಯ ಮಂಡಳಿ ಪ್ರಶ್ನೆಪತ್ರಿಕೆಯನ್ನೂ ಸರಿಯುತ್ತರವನ್ನೂ ಪ್ರಕಟಿಸುವುದಿಲ್ಲ. ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲ ಎಂದು ಬರೆಯುವವರೂ ಒಪ್ಪಿಕೊಂಡಿರುತ್ತಾರೆ. ಮಾರಾಟಕ್ಕೆ ಬರುವುದು ಯಾರೋ ಅರ್ಧಂಬರ್ಧ ನೆನಪಿನಿಂದ ಬರೆದದ್ದು, ಉತ್ತರ ಇನ್ಯಾರೋ ಊಹಿಸಿದ್ದು. ಅದನ್ನು ಬಾಯಿಪಾಠ ಮಾಡಿ ಹೋದವನು ದುಡ್ಡನ್ನೂ ಕಳೆದುಕೊಳ್ಳುತ್ತಾನೆ, ತಪ್ಪನ್ನೂ ಕಲಿಯುತ್ತಾನೆ.

ಪರೀಕ್ಷೆಯನ್ನೇ ತೆಗೆದುಹಾಕಿ ಎನ್ನುವವರ ಜೊತೆ ನಾವಿಲ್ಲ. ನಾಳೆ ಆ ಕುರ್ಚಿಯ ಎದುರು ಕೂರುವ ರೋಗಿಗಳು ನಾವೇ ತಾನೇ?

ಈಗ ನಮಗೆ ನಿಜಕ್ಕೂ ಬೇಸರ ತರುವ ಸಂಗತಿ. 300ರಲ್ಲಿ 30 ಪ್ರಶ್ನೆ ಸಮುದಾಯ ವೈದ್ಯಶಾಸ್ತ್ರದ್ದು. ಹೆರಿಗೆ ಮತ್ತು ಸ್ತ್ರೀರೋಗಕ್ಕೂ 30, ಮಕ್ಕಳ ವೈದ್ಯಕ್ಕೆ 15, ನ್ಯಾಯವೈದ್ಯಶಾಸ್ತ್ರಕ್ಕೆ 10. ಬಯಲುಸೀಮೆಯಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಎಷ್ಟು ಜನಸಂಖ್ಯೆ? 30,000. ಉಪಕೇಂದ್ರಕ್ಕೆ? 5,000. ಪೆಂಟಾ ಲಸಿಕೆ ಯಾವಾಗ? ಆರು, ಹತ್ತು, ಹದಿನಾಲ್ಕನೇ ವಾರ. ದಡಾರ-ರುಬೆಲ್ಲಾದ ಮೊದಲ ಡೋಸ್? ಒಂಬತ್ತು ತಿಂಗಳು ತುಂಬಿದ ಮೇಲೆ. ಬಿಷ್ಕೆಕ್‌ನಲ್ಲಿ ಕೂತವನಿಗೆ ಇದು ಒಣ ಬಾಯಿಪಾಠ. ನಮ್ಮ ಆಶಾ ಅಕ್ಕನಿಗೆ ಇದು ನಿದ್ದೆಗಣ್ಣಲ್ಲೂ ಗೊತ್ತು, ಅವರು ದಿನಾ ಅವನ ಮನೆ ಮುಂದೆಯೇ ಹಾದು ಹೋಗುತ್ತಾರೆ.

ಇದಿಷ್ಟೇ ಅಲ್ಲ. ಬೆಳೆಗೆ ಹೊಡೆಯುವ ಆರ್ಗನೋಫಾಸ್ಫೇಟ್ ಎಣ್ಣೆ ಮೈಗೆ ಹತ್ತಿದರೆ ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗುತ್ತದೆ, ಜೊಲ್ಲು ಸುರಿಯುತ್ತದೆ, ಕೊಡುವ ಮದ್ದು ಅಟ್ರೋಪಿನ್. ಕೊಳಕುಮಂಡಲ ಕಚ್ಚಿತೆಂದರೆ ರಕ್ತ ಹೆಪ್ಪುಗಟ್ಟುತ್ತದೋ ಇಲ್ಲವೋ ಎಂದು ಗಾಜಿನ ನಳಿಕೆಯಲ್ಲಿಟ್ಟು 20 ನಿಮಿಷ ನೋಡಬೇಕು. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನ ಸೀಮೆಯಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣ್ಣೆಯಿಂದ ಬರುತ್ತದೆ ಎನ್ನುವುದೂ ಇದೇ ಪಠ್ಯದೊಳಗಿನದು. ಇವೆಲ್ಲ ನಮ್ಮ ಹೊಲ, ನಮ್ಮ ಕಾಡು, ನಮ್ಮ ತಾಲ್ಲೂಕು ಆಸ್ಪತ್ರೆಯ ವಿಷಯಗಳು. ಆದರೂ ಹುಡುಗರು ಪುಸ್ತಕದ ಭಾಗವೆಂದೇ ಕಲಿಯುತ್ತಾರೆ, ಯಾಕೆಂದರೆ ಹೊರಗೆ ಬಂದರೆ ಕಟ್ಟೆಯ ಮೇಲಿನ ಆ ಪ್ರಶ್ನೆ ಕಾದು ಕೂತಿರುತ್ತದೆ. ನಾಚಿಕೆಗೆ ಬಾಗಿಲು ಹಾಕಿಕೊಂಡವರನ್ನು ನಾವು ಕಂಡಿದ್ದೇವೆ.

ಆರೋಗ್ಯ ಇಲಾಖೆ ಮನಸ್ಸು ಮಾಡಿದರೆ ಜಿಲ್ಲೆಗೊಂದು ಓದುಕೋಣೆ ದೊಡ್ಡ ಖರ್ಚಿನದಲ್ಲ. ಹಾವೇರಿ, ಗದಗ, ಕೊಪ್ಪಳದಲ್ಲಿ ಈಗ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ವಾರಕ್ಕೊಂದು ಸಂಜೆ ಅಲ್ಲಿನ ಗ್ರಂಥಾಲಯ, ತಪ್ಪಾದ ಪ್ರಶ್ನೆ ಬಿಡಿಸಿ ಹೇಳಲು ಒಬ್ಬ ಪ್ರಾಧ್ಯಾಪಕರು, ಇಷ್ಟು ಸಾಕು. ಶಾಸಕರನ್ನು ಕಂಡಾಗ ಕೇಳಿ, ನಾವೂ ಕೇಳುತ್ತೇವೆ.

ಈ ಸಲ ದ್ವಿತೀಯ ಪಿಯುಸಿ ಮುಗಿಸಿದ ಮಗನನ್ನೋ ಮಗಳನ್ನೋ ಕಳಿಸಲು ಹೊಲದ ಮೇಲೆ ಸಾಲ ಎತ್ತುತ್ತಿರುವವರಿಗೆ ಒಂದು ಮಾತು. ಏಜೆಂಟ್ ಫೀಸು, ಹಾಸ್ಟೆಲ್ಲು, ಇಂಡಿಯನ್ ಊಟ ಎಲ್ಲ ಹೇಳುತ್ತಾನೆ. ನೀವು ಈ ಪರೀಕ್ಷೆಯ ಬಗ್ಗೆ ಕೇಳಿ, ಆ ಕಾಲೇಜಿನಿಂದ ಬಂದವರಲ್ಲಿ ಎಷ್ಟು ಜನ ಪಾಸಾಗಿದ್ದಾರೆಂದು ಕೇಳಿ. ಅಂಗರಚನೆಯ ಪ್ರಶ್ನೆಗಳ ಅಭ್ಯಾಸ ಮೊದಲ ವರ್ಷವೇ ಶುರುವಾಗಲಿ, ಆರನೇ ವರ್ಷದ ಕೊನೆಗಲ್ಲ.

ಓದಿ ಬಂದು ಮನೆಯಲ್ಲಿ ಕೂತಿರುವ ತಮ್ಮ, ತಂಗಿಯರೇ, ಗುರುವಾರ ಊರಲ್ಲಿ ಲಸಿಕೆ ದಿನವಿದ್ದರೆ ಮೊಬೈಲ್ ಚಾರ್ಜಿಗಿಟ್ಟು ಅಂಗನವಾಡಿಗೆ ಹೋಗಿ. ಯಾವ ಸೂಜಿ ಯಾವ ಕೈಗೆ, ಯಾವುದು ತೊಡೆಗೆ, ಯಾಕೆ ಎಂದು ಆಶಾ ಅಕ್ಕನನ್ನೂ ಸಿಸ್ಟರನ್ನೂ ಕೇಳಿ. ಸಂಜೆ ಬಂದು ಅದೇ ಪಾಠದ ಪ್ರಶ್ನೆಗಳನ್ನು ಬಿಡಿಸಿ ನೋಡಿ.