ಇಲಿಯ ಬಾಲ

2003ರ ಸುಮಾರಿನ ಮಾತು. ನಾನು ಹೊಸದಾಗಿ ಮೇಷ್ಟ್ರಾಗಿದ್ದೆ. ಸಿದ್ದರಬೆಟ್ಟದ ಆಸುಪಾಸಿನ ನಮ್ಮ ಶಾಲೆಗೆ ದಾನಿಗಳೊಬ್ಬರು ಎರಡು ಹಳೆಯ ಕಂಪ್ಯೂಟರ್ ಕೊಟ್ಟಿದ್ದರು. ಜೋಡಿಸುವಾಗ ಎಂಟನೆಯ ತರಗತಿಯ ಹುಡುಗನೊಬ್ಬ, "ಸರ್, ಈ ಇಲಿಯ ಬಾಲ ಎಲ್ಲಿ ಸಿಕ್ಕಿಸೋದು?" ಎಂದು ಕೇಳಿದ. ಮಕ್ಕಳೆಲ್ಲ ನಕ್ಕರು. ನಾನೂ ನಕ್ಕು, "ಇಲಿ ಅಲ್ಲಪ್ಪ, ಮೌಸ್ ಎನ್ನಬೇಕು" ಎಂದು ತಿದ್ದಿದೆ. ಆಮೇಲೆ ಅವನು ಕಂಪ್ಯೂಟರ್ ಹತ್ತಿರ ಬರುವುದನ್ನೇ ಬಿಟ್ಟ.

ತಿಳಿಯದವನು ಅವನಲ್ಲ, ನಾನು. ಅಮೆರಿಕದ ಡಗ್ಲಾಸ್ ಎಂಗೆಲ್‌ಬಾರ್ಟ್ ಮತ್ತು ಬಿಲ್ ಇಂಗ್ಲಿಷ್ 1964ರಲ್ಲಿ ಮರದ ಪುಟ್ಟ ಡಬ್ಬಿಗೆ ಎರಡು ಚಕ್ರ ಕೂರಿಸಿ ಇದನ್ನು ಮಾಡಿದರು. 1970ರ ಪೇಟೆಂಟಿನಲ್ಲಿ ಅದಕ್ಕಿದ್ದದ್ದು ಪರದೆಯ ಮೇಲಿನ ಸ್ಥಾನ ಸೂಚಿಸುವ ಸಾಧನ ಎಂಬರ್ಥದ, ಬಾಯಿಗೆ ಬಾರದ ಹೆಸರು. ಹಿಂದಿನಿಂದ ಹೊರಟ ತಂತಿ ಬಾಲದಂತೆ ಕಂಡದ್ದರಿಂದ ಪ್ರಯೋಗಾಲಯದವರು ಇಲಿ ಎಂದರು. ಮೊದಲು ಹಾಗೆಂದವರು ಯಾರೆಂಬುದು ಎಂಗೆಲ್‌ಬಾರ್ಟರಿಗೇ ನೆನಪಿರಲಿಲ್ಲ. ಕೈಗೆ ತೊಡಕಾಗುತ್ತದೆಂದು ಬಾಲವನ್ನು ಮುಂದಕ್ಕೆ ತಂದರು. ಬಾಲ ಮೂತಿಗೆ ಬಂದರೂ ಹೆಸರು ಉಳಿಯಿತು!

ಮದ್ರಸದಲ್ಲಿ ಅರಬಿ ಕಲಿತ ನನಗಾದರೂ ಇದು ಹೊಳೆಯಬೇಕಿತ್ತು. ಅರಬರು ಈ ಸಾಧನವನ್ನು 'ಫಅರ' ಎಂದೇ ಕರೆಯುತ್ತಾರೆ, ಅಂದರೆ ಇಲಿ. ಮಲಗುವ ಮುನ್ನ ದೀಪ ಆರಿಸಿರಿ, ಅದು ಬತ್ತಿ ಎಳೆದು ಮನೆ ಸುಟ್ಟೀತು ಎಂದು ಪ್ರವಾದಿ(ಸ) ಎಚ್ಚರಿಸಿದ ಅದೇ ಪ್ರಾಣಿ. ಆ ಹೆಸರು ಅವರಿಗೆ ಕೀಳೆನಿಸಲಿಲ್ಲ.

ಇನ್ನು, ಬಾಲ ಎಲ್ಲಿ ಸಿಕ್ಕಿಸುವುದು? ಅದು ಸುಲಭದ ಪ್ರಶ್ನೆಯೇನಲ್ಲ. ಕೆಲವು ಹಳೆಯ ಮೌಸ್‌ಗಳಿಗೆ ಕಂಪ್ಯೂಟರ್ ಒಳಗೆ ಪ್ರತ್ಯೇಕ ಕಾರ್ಡೇ ಬೇಕಿತ್ತು. ಹಲವು ಮೌಸ್‌ಗಳು 9 ಪಿನ್ನಿನ ಸೀರಿಯಲ್ ಪೋರ್ಟಿಗೆ ಕೂರುತ್ತಿದ್ದವು. 1987ರಲ್ಲಿ ಐಬಿಎಂ ಕಂಪನಿ 6 ಪಿನ್ನಿನ ದುಂಡು ಪಿಎಸ್/2 ತಂದಿತು. ಕೀಬೋರ್ಡಿಗೂ ಅದೇ ಆಕಾರ! ಅದಲುಬದಲಾಗದಿರಲೆಂದು ಮುಂದೆ ಮೌಸಿಗೆ ಹಸಿರು, ಕೀಬೋರ್ಡಿಗೆ ನೇರಳೆ ಬಣ್ಣ ಬಂತು. ಇದನ್ನು ಕಂಪ್ಯೂಟರ್ ಆರಿಸಿಯೇ ಸಿಕ್ಕಿಸಬೇಕಿತ್ತು. 1996ರಲ್ಲಿ ಬಂದ ಯುಎಸ್‌ಬಿಯಿಂದ ಮೆಲ್ಲಗೆ ಈ ತಾಪತ್ರಯ ತಪ್ಪಿತು.

ನಮ್ಮ ಒಂದು ಕಂಪ್ಯೂಟರಿನಲ್ಲಿ ಇದ್ದದ್ದು 9 ಪಿನ್ನಿನದು, ಜೊತೆಗೆ ಬಂದ ಮೌಸ್ ದುಂಡು ಮೂತಿಯದು. ನಡುವೆ ಜೋಡಿಸಲು ಒಂದು ಚಿಕ್ಕ ಅಡಾಪ್ಟರ್ ಬೇಕೆಂದು ನನಗೆ ತಿಳಿದಿರಲಿಲ್ಲ. ಕೀಬೋರ್ಡಿನ ಜಾಗಕ್ಕೆ ಒತ್ತಿ ತುರುಕಿ ಒಂದು ಪಿನ್ ಬಗ್ಗಿಸಿದೆ. ಆ ಹುಡುಗ ದೂರದ ಬೆಂಚಿನಿಂದ ನೋಡುತ್ತಿದ್ದ, ನಗಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಬೆಂಗಳೂರಿಗೆ ಹೋದನಂತೆ. ಅವನಲ್ಲಿ ಕ್ಷಮೆ ಕೇಳುವುದು ಇನ್ನೂ ಬಾಕಿಯಿದೆ.